ಹತ್ತು ಹತ್ತು ಹತ್ತು

ಉದ್ದ ಹತ್ತು, ಅಗಲ ಹತ್ತು, ಎತ್ತರ ಹತ್ತು.
ಮೇಸ್ತ್ರಿ ಗೆಟಾಹುನ್ ತಗಡಿನ ಚೌಕಟ್ಟು ಹಿಡಿದು
ಒಂದೊಂದೇ ಕಲ್ಲು ತೂರಿಸಿ ನೋಡುತ್ತಾನೆ.
ತೂರಿದ್ದು ಲೆಕ್ಕಕ್ಕೆ, ಸಿಕ್ಕಿಕೊಂಡದ್ದು ಮರಳಿ ಉಳಿಗೆ,
ಮೂಲೆ ಮುರಿದದ್ದು ಯಾರಿಗೂ ಇಲ್ಲ.

ನಾನು ಓದಿದ್ದು ಸಂಖ್ಯಾಶಾಸ್ತ್ರ.
ಜಿಮ್ಮಾದಿಂದ ಪದವಿ ಹೊತ್ತು
ಅಡಿಸ್ ಅಬಾಬಕ್ಕೆ ಮರಳಿದ ಮೊದಲ ವರ್ಷ
ಅರಾತ್ ಕಿಲೋದ ಕಟ್ಟೆಯ ಮೇಲೆ ಕೂತು
ಪತ್ರಿಕೆಯನ್ನು ಬಾಡಿಗೆಗೆ ಓದಿದೆ.
ಹೌದು, ಬಾಡಿಗೆಗೆ. ಅರ್ಧ ಗಂಟೆಗೆ ಒಂದು ಬಿರ್.
ಪೇಪರಿನ ಹುಡುಗ ಸೆಮೂ ಎದುರಿಗೇ ಕೂತು
ಸೂರ್ಯಕಾಂತಿ ಸಿಪ್ಪೆ ಉಗಿಯುತ್ತ ಹೊತ್ತು ನೋಡುತ್ತಿದ್ದ:
"ಅಕ್ಕಾ, ಪುಟ ಮಡಚಬೇಡ, ಹಿಂದೆ ಇನ್ನೂ ಹನ್ನೊಂದು ಜನ."
ಜಾಹೀರಾತೆಲ್ಲ ಕೇಳುತ್ತಿದ್ದುದು ಎರಡು ವರ್ಷದ ಅನುಭವ.
ಎರಡು ವರ್ಷ ಕೇಳಿಸಿಕೊಂಡೆ.
ಅದೂ ಒಂದು ಅನುಭವವೇ; ಬರೆದು ಮೊಹರು ಹಾಕಿಕೊಡುವವರಿಲ್ಲ.

ಆಮೇಲೆ ಕೆಬೆಲೆ ಕಚೇರಿಯ ಗೋಡೆಗೆ ಚೀಟಿ ಬಿತ್ತು:
ಸ್ಥಳೀಯ ಯುವಜನರಿಗೆ ಕೆಲಸ. ಕಲ್ಲುಹಾಸಿನ ರಸ್ತೆ.
ಹತ್ತು ಜನ ಕೂಡಿ ಸಂಘ ಕಟ್ಟಿ, ಹೆಸರಿಡಿ.
ನಮ್ಮಲ್ಲಿ ಇಬ್ಬರು ಪದವೀಧರರು, ಜೈಲಿಂದ ಬಂದವನೊಬ್ಬ,
ಸೌದಿಯಿಂದ ವಿಮಾನಕ್ಕೆ ತುಂಬಿ ವಾಪಸು ಕಳಿಸಿದ ಫಾಂಟಾನೆಶ್,
"ಯುವಜನ" ಎಂದು ಬರೆದ ಕಡೆ
ಕಣ್ಣು ಮಿಟುಕಿಸದೆ ಹೆಬ್ಬೆಟ್ಟು ಒತ್ತಿದ
ಐವತ್ತೆಂಟರ ಲೆಮ್ಮಾ, ನಿನ್ನೆವರೆಗೆ ಲಾಟರಿ ಮಾರಿದವನು.
ಹೆಸರಿಗೆ ಮೂರು ದಿನ ಜಗಳ.
ಕೊನೆಗೆ "ಬೆಳಗು" ಅಂತಾಯಿತು.
ಕೊಲ್ಫೆಯಲ್ಲಿ ಆಗಲೇ ಆರು ಬೆಳಗುಗಳಿದ್ದವು.
ನಮ್ಮದು ದಾಖಲೆಯಲ್ಲಿ ಏಳನೆಯ ಬೆಳಗು.

ಮೊದಲ ವಾರ ಉಳಿ, ಕಲ್ಲಿಗಿಂತ ಬೆರಳನ್ನೇ ಹೆಚ್ಚು ಕೆತ್ತಿತು.
ಫಾಂಟಾನೆಶ್ ಕಲಿಸಿದಳು: ಕಲ್ಲಿಗೂ ನಾರಿದೆ, ಮರದ ಹಾಗೆ,
ಕಿವಿಗೊಟ್ಟು ಬಡಿ. ಠಣ್ ಅಂದರೆ ಗಟ್ಟಿ.
ದಬ್ ಅಂದರೆ ಒಳಗೆಲ್ಲೋ ಬಿರುಕು.
ನಿಜ, ಕೇಳಿಸುತ್ತದೆ.
ಆಗಿನಿಂದ ಜನರ ಮಾತಿಗೂ ಹಾಗೇ ಕಿವಿಗೊಡುತ್ತೇನೆ.

ಒಂದು ಮಧ್ಯಾಹ್ನ ಬಿಳಿ ಕಾರಿನಲ್ಲಿ ಅಧಿಕಾರಿ ಬಂದರು.
ಜೊತೆಗೆ ಟೀವಿ ಕ್ಯಾಮೆರಾ; ನಮಗೆಲ್ಲ
ಅರ್ಧ ದಿನದ ಮಟ್ಟಿಗೆ ಹಳದಿ ಹೆಲ್ಮೆಟ್ಟು.
"ಈ ಉಪನಗರದಲ್ಲೇ ನಾಲ್ಕು ಸಾವಿರದ ಮುನ್ನೂರು ಉದ್ಯೋಗ!"
ದಬ್.
ನನ್ನ ನಾಲಿಗೆ ತುರಿಸಿತು:
ಸ್ವಾಮಿ, ಒಂದು ತಿಂಗಳ ಕೂಲಿ ಒಂದು ಉದ್ಯೋಗವೇ?
ಹೋದ ಬೀದಿಯಲ್ಲಿ ಎಣಿಸಿದ ನನ್ನನ್ನು
ಈ ಬೀದಿಯಲ್ಲೂ ಎಣಿಸಿದಿರಾ?
ಹಾಗಾದರೆ ಆ ಸಂಖ್ಯೆಯೊಳಗೆ ನಾನು ಎಷ್ಟು ಜನ?
ಕೇಳಲಿಲ್ಲ. ಗೆಟಾಹುನ್ ಕಣ್ಣಲ್ಲೇ ಕೈಮುಗಿದಿದ್ದ.
ಹೆಲ್ಮೆಟ್ಟು ವಾಪಸು ಕೊಡುವಾಗ ಒಂದು ಕಡಿಮೆ ಬಂತು.
ಲೆಮ್ಮಾನ ಮೊಮ್ಮಗ ಈಗ ಅದರಲ್ಲಿ
ಕೋಳಿಗಳಿಗೆ ಕಾಳು ಒಯ್ಯುತ್ತಾನೆ.

ಸುಳ್ಳು ಹೇಳಬಾರದು. ದುಡ್ಡು ಕೈಗೆ ಬಂದಿದೆ.
ಅವ್ವನ ಕನ್ನಡಕ ಬಂದಿದೆ, ಬಾಡಿಗೆಯ ಬಾಕಿ ತೀರಿದೆ,
ಕಾಫಿಗೆ ಹಾಕುವ ಸಕ್ಕರೆಯ ಚಮಚ ಯಾರೂ ಎಣಿಸುತ್ತಿಲ್ಲ.
ನಮ್ಮ ವರ್ಷಕ್ಕೆ ಹದಿಮೂರು ತಿಂಗಳು;
ಕೊನೆಯದು ಪಾಗುಮೆ, ಐದೇ ದಿನದ್ದು,
ಸಂಬಳದವರಿಗೆ ಆ ಐದು ದಿನ ಸಂಬಳವಿಲ್ಲ.
ನಾವು ಕಲ್ಲಿನ ಲೆಕ್ಕದವರು, ಪಾಗುಮೆಯಲ್ಲೂ ಕೆತ್ತಿದೆವು.
ಶಾಲೆಯಲ್ಲಿ ಪಾಠ ಹೇಳುವ ಗೆಳತಿ ಹಿರುತ್
ಆ ವಾರ ನನ್ನ ಬಳಿ ಸಾಲ ಕೇಳಿದಳು.
ಕೊಟ್ಟೆ. ಕೊಡುವಾಗ ಕೈ ಸ್ವಲ್ಪ ಎತ್ತರದಲ್ಲಿತ್ತು,
ಅದಕ್ಕೆ ಈಗಲೂ ನಾಚಿಕೆ.

ರಸ್ತೆ ಈಗ ನಮ್ಮ ಗಲ್ಲಿಗೇ ತಿರುಗಿದೆ.
ಮಳೆಗಾಲದಲ್ಲಿ ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು
ದಾಟುತ್ತಿದ್ದ ಕೆಸರನ್ನು ನುಂಗುತ್ತ
ದಿನಕ್ಕೆ ಎಂಟು ಮಾರು ಮುಂದೆ ಬರುತ್ತಿದೆ.
ನಮ್ಮ ಬಾಗಿಲಿಗೆ ಇನ್ನು ಅರವತ್ತು ಮಾರು.
ಭಾಗಿಸಿದೆ: ಏಳೂವರೆ ದಿನ.
ಅದರಾಚೆಯ ಬೀದಿಗೆ ಚೀಟಿ ಇನ್ನೂ ಬಿದ್ದಿಲ್ಲ.
ಅವ್ವ ಹಿಗ್ಗುತ್ತಾಳೆ, ಮೊದಲ ದಿನ ಹೊದ್ದು ನಡೆಯಲು
ಬಿಳಿ ನೆಟೆಲಾ ಒಗೆದು ಮಡಿಸಿಟ್ಟಿದ್ದಾಳೆ.

ಇವತ್ತು ನಾನು ನಿಧಾನ ಬಡಿದೆ.
ಫಾಂಟಾನೆಶ್ ಕೂಡ. ಲೆಮ್ಮಾ ಕೂಡ.
ಯಾರೂ ಯಾರಿಗೂ ಹೇಳಿಕೊಂಡಿರಲಿಲ್ಲ.
ಗೆಟಾಹುನ್ ಚೌಕಟ್ಟನ್ನು ಅಂಗಿಯ ಚುಂಗಿನಿಂದ ಒರೆಸಿ
ಒಂದೇ ಕಲ್ಲನ್ನು
ಮೂರು ಸಲ ತೂರಿಸಿ ನೋಡಿದ.