ಕಾಯೋದು

ಮುಳಗುಂದ ನಾಕಾದಾಗ ನಮ್ಮ ಗ್ಯಾರೇಜು.
ಉಸ್ತಾದ ಮೌಲಾಲಿ ಕೈಯಿಂದ ನನ್ನ ಕೈಗೆ ಬಂದದ್ದು
ಎರಡು ಜಾಕು, ಒಂದು ಕುಂಟ ಸ್ಟೂಲು,
ಹಲಗಿ ಮ್ಯಾಲಿನ ಡಾಲ್ಡಾ ಡಬ್ಬಿ.
ಡಬ್ಬಿ ತುಂಬ ಥರ್ಮೋಸ್ಟಾಟು.

"ಬಿಸಲ ನಾಡಿದು," ಅಂತಿದ್ದ ಮುದುಕ,
"ನೀರಿಗ್ಯಾಕ ಬಾಗಲಾ ಹಚ್ಚತಿ? ಕಿತ್ತು ಒಗಿ, ಹರೀಲಿ."
ಒಮ್ಮೆ ಅವನ ಟ್ರಾಕ್ಸಿನ್ಯಾಗ ಮುಚ್ಚಿದ್ದು ಮುಚ್ಚೇ ಉಳದು
ಲಕ್ಕುಂಡಿ ದಾಟೂದ್ರಾಗ ನೀರು ಕುದ್ದು ಹೆಡ್ಡು ಸೀಳಿತ್ತಂತ.
ಒಂದು ಬಾಗಲಾ ಮೋಸ ಮಾಡಿತು ಅಂತ
ಊರ ಗಾಡಿಗಳ ಬಾಗಲಾ ಎಲ್ಲಾ ಕಿತ್ತ.
ನಾನೂ ಕಿತ್ತೆ. ಹದಿನೆಂಟು ವರ್ಷ.
ಗಿರಾಕಿಗೆ ಹೇಳತಿದ್ದಿಲ್ಲ, ರೊಕ್ಕಾನೂ ಹಿಡೀತಿದ್ದಿಲ್ಲ;
ಪುಣ್ಯದ ಕೆಲಸ ಅಂತ ತಿಳದಿದ್ದೆ.

ಮೊನ್ನೆ, ಕಪ್ಪತಗುಡ್ಡದ ಗಾಳಿ ಕಿವಿ ಕೊಯ್ಯೋ ಮುಂಜಾನೆ,
ಹೊಂಬಳದ ನರ್ಸ್ ಶಶಿಕಲಕ್ಕ ಓಮ್ನಿ ತಗೊಂಡು ಬಂದ್ಲು.
"ರಾತ್ರಿ ಒಬ್ಬಾಕೀನ ದವಾಖಾನಿಗೆ ಒಯ್ಯಬೇಕಿತ್ತು,
ಗಾಡಿ ಎಳೀಲೇ ಇಲ್ಲ. ಹಾದಿ ತುಂಬ ಕೆಮ್ಮಿತು.
ಪೆಟ್ರೋಲು ಕುಡೀತೈತಿ, ಎಮ್ಮಿ ಕಲಗಚ್ಚು ಕುಡದಂಗ.
ಆ ಮುಳ್ಳು ನೋಡು, ನೆಲಾ ಬಿಟ್ಟು ಏಳೂದಿಲ್ಲ."
"ಕೂಸು?" ಅಂದೆ.
"ಗಾಡ್ಯಾಗ ಆತು. ಇಬ್ಬರೂ ಅರಾಮದಾರ.
ನನ್ನ ಶಾಲು ಹೋತು, ಅಷ್ಟ."

ಸೀಟು ಎತ್ತಿದೆ. ಹತ್ತರ ಪಾನಾ, ಎರಡು ಬೋಲ್ಟು.
ಟೊಪ್ಪಿಗಿ ಬಿಚ್ಚಿದರ ಒಳಗ ಖಾಲಿ.
ಯಾರ ಕೈಯಿಂದ ಆದ ಖಾಲಿ ಅಂತ
ನಾ ಕೇಳಲಿಲ್ಲ.

ಇಂಜಿನ್ನು ಮದಲ ಕಾಯಬೇಕು.
ಆಮ್ಯಾಲ ತಣ್ಣಗ ಮಾಡೋ ಮಾತು.
ಬಾಗಲಾ ಕಾಯೋದು, ಹಾದಿ ಕಾಯೋದು, ನೀರು ಕಾಯೋದು,
ಮೂರಕ್ಕೂ ಒಂದ ಮಾತು ಇಟ್ಟಾರ ನಮ್ಮ ಹಿರ್ಯಾರು.
ಮೂರೂ ಮಾಡತಿತ್ತು ಈ ಹಿತ್ತಾಳಿ ಬಿಲ್ಲಿ:
ಕರೆಂಟಿಲ್ಲ, ತಂತಿಲ್ಲ,
ಒಂದು ಸ್ಪ್ರಿಂಗು, ಹೊಟ್ಟ್ಯಾಗ ಒಂದು ಚೂರು ಮೇಣ.

ಅಂಗಡಿ ತೆಗಿಯೂತನಕ ನಿಂತು ಹೊಸಾದು ತಂದೆ.
ಹಾಕೂಕಿಂತ ಮದಲ ನೋಡಬೇಕಲ್ಲ,
ಫಕ್ಕೀರೇಶನ ಚಾದಂಗಡ್ಯಾಗ ಬೋಗಾಣಿ ಇಸಕೊಂಡೆ.
ನೀರು ಹಾಡಾಕ ಶುರು ಮಾಡಿದಾಗ
ಮೇಣ ಉಬ್ಬಿ, ತುಟಿ ಬಿಚ್ಚಿತು ನಿಧಾನಕ.
ಸುಮ್ಮನ ಇರಲಾರದ ಕೈ:
ಡಬ್ಬಿ ಇಳಿಸಿ ಹಳೇವೂ ಹದಿಮೂರು ಬಿಟ್ಟೆ ಅದರಾಗ.
ನಾಕು ಸತ್ತಿದ್ವು.
ಒಂಬತ್ತು, ಒಂದರ ಹಿಂದ ಒಂದು, ಬಾಯಿ ತೆರದ್ವು.
"ಗುಡದಪ್ಪಣ್ಣ, ಏನ ಕುದಸಾಕತ್ತಿ, ಬದನಿಕಾಯೇನು?"
ಅಂತ ನಕ್ಕ ಫಕ್ಕೀರೇಶ.
ನನಗ ನಗಿ ಬರಲಿಲ್ಲ.

ಹಳೇ ಗ್ಯಾಸ್ಕೆಟ್ ಕೆರದೆ.
ಸ್ಪ್ರಿಂಗು ಇಂಜಿನ್ ಕಡೆ ಮಾರಿ ಮಾಡಿ,
ಗಾಳಿ ಹೋಗೋ ಸಣ್ಣ ತೂತು ಮ್ಯಾಲಕ್ಕ ಬರೂಹಂಗ ಕುಂಡ್ರಿಸಿದೆ.
ಬೋಲ್ಟು ಹದಕ್ಕ ಬಿಗಿದೆ, ಹಟಕ್ಕಲ್ಲ.
ಹಸರ ನೀರು ತುಂಬಿ, ಚಾಲೂ ಮಾಡಿ,
ರೇಡಿಯೇಟರಿಗೆ ಹೋಗೋ ಪೈಪಿನ ಮ್ಯಾಲ ಅಂಗೈ ಇಟ್ಟು ಕುಂತೆ.

ತಣ್ಣಗ.
ಮುಳ್ಳು ಒಂದು ಕೂದಲೆಳಿ ಎದ್ದಿತು. ಪೈಪು ತಣ್ಣಗ.
ಶಶಿಕಲಕ್ಕ ಬಗ್ಗಿದಳು. "ಏನ ಮಾಡಾಕತ್ತಿ?"
"ಕಾಯಾಕತ್ತೇನಿ."
ಆಕೀಗೆ ಬ್ಯಾರೆ ಹೇಳೂದು ಬೇಕಾಗಲಿಲ್ಲ.
ಎಷ್ಟೋ ಹೊಟ್ಟಿ ಮ್ಯಾಲ ಇಟ್ಟ ಕೈ ಅದು,
ನನ್ನ ಕೈ ಬಾಜೂಕ ಬಂದು ಸುಮ್ಮನ ಕುಂತಿತು.

ಅರ್ಧ ಚಾ ಆರೂ ಹೊತ್ತು.

ಆಮ್ಯಾಲ ರಬ್ಬರಿನೊಳಗ ಏನೋ ಹಾದಂಗಾಗಿ,
ಅಂಗೈಗೆ ಝಳ ಒಮ್ಮಿಗೇ—
"ಬಂತು," ಅಂದ್ಲು ಆಕಿ,
ರಾತ್ರಿನೂ ಇದ ದನಿಯೊಳಗ ಅಂದಿರಬೇಕು.

ಕೈ ಒರಸಿಕೊಂಡು ಕೇಳಿದ್ಲು, "ಎಷ್ಟಾತಪ್ಪ?"
ಡಬ್ಬಿ ಇನ್ನೂ ಕಟ್ಟಿ ಮ್ಯಾಲ, ಮುಚ್ಚಳ ತೆಗದಂಗ.
ಅದರಾಗಿಂದು ಒಂದು ಈ ಗಾಡೀದು,
ಯಾವುದು ಅಂತ ದೇವರಿಗೂ ಗೊತ್ತಿಲ್ಲ.

"ನಂದು ಇರಲಿ," ಅಂದೆ,
"ನಿನ್ನ ಶಾಲಿಂದು ಎಷ್ಟಾತು, ಹೇಳಕ್ಕ."