ಮೊದಲನೆಯ ಪ್ರಶ್ನೆ

ಐದು ಚೌಕ, ಒಂದು ಪೆನ್ಸಿಲು, ಕೊರಳಿಗೆ ಗುರುತಿನ ಚೀಟಿ.
ಚಿಯಾತುರಾದ ಗುಡ್ಡದ ಮೇಲಿನ ಒಂಬತ್ತಂತಸ್ತಿನ ಮನೆಗಳಲ್ಲಿ
ಬಾಗಿಲು ತಟ್ಟುವುದು ಈ ತಿಂಗಳ ನನ್ನ ಕೆಲಸ.
ಲಿಫ್ಟಿಗೆ ನಾಣ್ಯ ಹಾಕಬೇಕು. ಹಾಕಿದರೂ
ಅದರ ಮನಸ್ಸು ಅದರದು.

ಕೆಳಗೆ ಕ್ವಿರಿಲಾ ನದಿ
ಗಣಿ ತೊಳೆದ ನೀರು ಹೊತ್ತು
ಒಲೆ ಒರೆಸಿದ ಬಟ್ಟೆ ಹಿಂಡಿದ ಹಾಗೆ ಹರಿಯುತ್ತದೆ.

"ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ?
ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ,
ಚೆನ್ನಾಗಿಲ್ಲ, ತೀರಾ ಕೆಟ್ಟಿದೆ.
ಒಂದನ್ನೇ ಹೇಳಬೇಕು."
ಇದು ಮೊದಲನೆಯ ಪ್ರಶ್ನೆ.
ಇದಾದ ಮೇಲೆ ಐವತ್ಮೂರು ಇವೆ;
ಇದನ್ನು ದಾಟಿ ಯಾರೂ ಬೇಗ ಬರುವುದಿಲ್ಲ.

ಎರಡನೇ ಮಹಡಿಯ ನಾಜಿಬ್ರೋಲಾ ನಗುತ್ತಾಳೆ:
"ಯಾವುದರದ್ದು ಬೇಕು? ಮಂಡಿ ಬೇರೆ, ಕಣ್ಣು ಬೇರೆ,
ಹೊಟ್ಟೆಯೊಂದೇ ಇನ್ನೂ ನನ್ನ ಮಾತು ಕೇಳುವ ಮಗು.
ಒಟ್ಟಾರೆ ಅನ್ನುವವಳು ಈ ಮನೆಯಲ್ಲಿಲ್ಲ."
ಆಮೇಲೆ ಜೋಳದ ರೊಟ್ಟಿ ಮುರಿದು ಮುಂದಿಟ್ಟು
ದನಿ ತಗ್ಗಿಸುತ್ತಾಳೆ:
"ಸೊಸೆ ಇಟಲಿಯ ಬಾರಿಯಲ್ಲಿದ್ದಾಳೆ. ಒಬ್ಬ ಮುದುಕಿಯನ್ನು
ಎಬ್ಬಿಸಿ, ಮೀಯಿಸಿ, ಮಲಗಿಸುವ ಕೆಲಸ.
ತೊಂಬತ್ತೊಂದು ವರ್ಷವಂತೆ. ಮೊನ್ನೆ ಜ್ವರ ಬಂದಿತ್ತಂತೆ.
ಮುಖ ನೋಡದ ಆ ಹೆಂಗಸಿಗೆ
ದಿನಾ ಒಂದು ಮೇಣದ ಬತ್ತಿ ಹಚ್ಚುತ್ತೇನೆ.
ಅವಳು ಉಸಿರಾಡುವ ತನಕ ಈ ಮನೆಯ ಒಲೆ ಉರಿಯುತ್ತದೆ.
ಬರಕೋ: ಬಾರಿಯ ಮುದುಕಿಗೆ ಜ್ವರ ಇಳಿದಿದೆ,
ಆದ್ದರಿಂದ ನಾನು ಚೆನ್ನಾಗಿದ್ದೇನೆ."

ಬರೆದುಕೊಳ್ಳಲು ಜಾಗವಿಲ್ಲ. ಚೌಕವಿದೆ.

ಐದನೆಯದರಲ್ಲಿ ತ್ಸಿಯುರಿ, ಶಾಲೆಯಲ್ಲಿ ಭೂಗೋಳ ಕಲಿಸುವವಳು.
ರಕ್ತ, ಮೂತ್ರ, ಎದೆಯ ಚಿತ್ರ, ಥೈರಾಯ್ಡು,
ಕಾಗದಗಳನ್ನೆಲ್ಲ ಇಸ್ಪೀಟಿನೆಲೆಯಂತೆ ಮೇಜಿನ ಮೇಲೆ ಹರಡಿದಳು.
"ಎಲ್ಲಾ ನಾರ್ಮಲ್ ಅಂದರು. ಕುತೈಸಿಗೆ ಹೋದೆ, ಅಲ್ಲೂ ನಾರ್ಮಲ್.
ಮುಂಜಾನೆ ಮೂರಕ್ಕೆ ಎಚ್ಚರವಾಗುತ್ತದೆ,
ಯಾರೋ ನನ್ನ ಮೈಯನ್ನು ತೊಟ್ಟುಕೊಂಡು ಹೋಗಿ
ಒದ್ದೆಯಾಗಿಯೇ ತಂದು ನೇತುಹಾಕಿದ ಹಾಗೆ.
ಹುಷಾರಿಲ್ಲ ಅನ್ನಲು ಕಾಗದ ಬಿಡುವುದಿಲ್ಲ,
ಹುಷಾರಾಗಿದ್ದೇನೆ ಅನ್ನಲು ಮೈ ಬಿಡುವುದಿಲ್ಲ.
ಇದಕ್ಕೊಂದು ಹೆಸರು ಸಿಕ್ಕಿದ್ದರೆ
ಅರ್ಧ ಗುಣವಾಗುತ್ತಿದ್ದೆ."
ನಾಲ್ಕನೆಯ ಚೌಕ ಎಂದಳು. ಅಳಿಸು ಎಂದಳು.
ಮೂರನೆಯದು ಎಂದಳು. ಒಳಕೋಣೆಯಿಂದ ಗಂಡ ಬಂದ.
ಎರಡನೆಯದು ಎಂದಳು.
ರಬ್ಬರಿನ ಪುಡಿಯನ್ನು ನಾನೇ ಊದಿದೆ.

ಒಂಬತ್ತನೆಯ ಮಹಡಿಗೆ ಲಿಫ್ಟು ಬರಲೊಲ್ಲದು. ಹತ್ತಿದೆ.
ಓತಿಯಾ ಬಾಗಿಲು ತೆಗೆದ.
ಅವನಿಗಿಂತ ಮೊದಲು ಅವನ ಕೆಮ್ಮು ಹೊರಗೆ ಬಂತು.
ಮೂವತ್ತೆರಡು ವರ್ಷ ಮ್ಯಾಂಗನೀಸು ಅಗೆದ ಎದೆ,
ಉಸಿರೆಳೆದರೆ ಜರಡಿಯಲ್ಲಿ ಜಲ್ಲಿ ಆಡಿಸಿದ ಸದ್ದು.
"ತುಂಬಾ ಚೆನ್ನಾಗಿದೆ," ಎಂದ. "ಮೊದಲನೆಯದಕ್ಕೇ ಗುರುತು ಹಾಕು."
ನನ್ನ ಪೆನ್ಸಿಲು ತಡೆಯಿತು.
"ನಮ್ಮ ಪಾಳಿಯಲ್ಲಿ ಏಳು ಜನ. ಇವತ್ತು ನಿನಗೆ ಬಾಗಿಲು ತೆಗೆದವನು
ನಾನೊಬ್ಬನೇ. ಯಾರಿಗೆ ಹೋಲಿಸಿ ಹೇಳಲಿ ಮಗಳೇ,
ಆಸ್ಪತ್ರೆ ಗೋಡೆಯ ಪಟದಲ್ಲಿರುವ ಪೈಲ್ವಾನನಿಗೋ?"

ಐವತ್ನಾಲ್ಕೂ ಮುಗಿದ ಮೇಲೆ ಅವನು ಕೇಳಿದ:
"ನೀನು ಹೇಗಿದ್ದೀಯ?"
ಇಡೀ ತಿಂಗಳು ಯಾರೂ ಕೇಳಿರಲಿಲ್ಲ.
"ಪರವಾಗಿಲ್ಲ," ಎಂದೆ.
"ಕಾಗದ ನೋಡಿಕೊಂಡು ಹೇಳಬೇಡ," ಎಂದ.

ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.
ಬಹಳವೇನಲ್ಲ. ಅಮ್ಮನ ಬಗ್ಗೆ ಸ್ವಲ್ಪ,
ನನ್ನ ಎಡಗಾಲಿನ ಬಗ್ಗೆ ಸ್ವಲ್ಪ, ನಡುವೆ ಸುಮ್ಮನೆ.

ಹೊರಟಾಗ ಕರೆಂಟು ಹೋಗಿತ್ತು.
"ಆರನೆಯದರ ಹತ್ತಿರ ಮೆಟ್ಟಿಲು ಮುರಿದಿದೆ,
ಹುಷಾರು," ಎಂದ.

ಇಳಿದೆ. ಎಂಟು. ಏಳು. ಗೋಡೆ ಸವರುತ್ತ.
ಮೇಲಿನಿಂದ ಕೆಮ್ಮು ಕೇಳುತ್ತಲೇ ಇತ್ತು,
ಅದರ ಜೊತೆಗೆ ಬೆಳಕಿನ ಒಂದು ಹಳದಿ ಪಟ್ಟಿ
ನಡುಗುತ್ತ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು.
ಗಣಿಯ ಹಳೇ ದೀಪ ಎತ್ತಿ ಹಿಡಿದು
ಅವನಿನ್ನೂ
ಬಾಗಿಲು ಹಾಕಿರಲಿಲ್ಲ.