ಮೂರು ಮೆಟ್ಟಿಲು

ಗಿರಗಾಂವಿನ ಈ ಗಲ್ಲಿಗೆ ನಾನು ಟೈಪಿಗೆ ಬಂದಾಗ
ಅಂಗಡಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತು.
ಕರ್ಕೇರ ಮಾಮ ಹೇಳುತ್ತಿದ್ದರು:
ಮಳೆಗಾಲಕ್ಕೆ ಎರಡು ಮೆಟ್ಟಿಲು ನೀರಿನದ್ದು,
ಒಂದು ನಮ್ಮದು.

ಒಳಗೆ ಬಟ್ಟೆ ಹೊದ್ದ ಕಂಪ್ಯೂಟರ್.
ಚೀಟಿ ಎತ್ತಿ ತಂದದ್ದು, ಲ್ಯಾಮಿಂಗ್ಟನ್ ರೋಡಿನಿಂದ
ಟ್ಯಾಕ್ಸಿಯಲ್ಲಿ, ಮಾನಿಟರ್ ಮಾಮನ ತೊಡೆಯ ಮೇಲೆ.
ಮೊದಲ ದಿನ ಕೀಬೋರ್ಡಿಗೆ ಕುಂಕುಮ ಇಟ್ಟರು;
ಎಫ್ ಕೀಲಿಯ ಸಂದಿನಲ್ಲಿ ಆ ಕೆಂಪು ಇನ್ನೂ ಇದೆ.
ಅರವತ್ತನಾಲ್ಕು ಎಂಬಿ ಮೆಮೊರಿ.
ಸಾಯೋವರೆಗೆ ಸಾಕು, ಅಂದಿದ್ದ ಮಾರಿದವನು.
ಯಾರು ಸಾಯೋವರೆಗೆ ಅಂತ ನಾವು ಕೇಳಲಿಲ್ಲ.

ಅದರಲ್ಲಿ ಎಷ್ಟು ಮದುವೆ ಮಾಡಿಸಿದೆ!
ಕೋಟ್ಯಾನರ ಮಗಳು, ಸಾಲಿಯಾನರ ಮೊಮ್ಮಗ,
ಸಯಾನಿನ ಸಭಾಂಗಣ, ಅಭಿಜಿನ್ ಲಗ್ನ.
ರಾತ್ರಿ ಶಾಲೆಯ ವರದಿ, ಯಕ್ಷಗಾನದ ಕರಪತ್ರ.
ಹದಿಮೂರನೇ ದಿನದ ಕಾರ್ಡು ಕೂಡ, ಕಪ್ಪು ಅಂಚಿನದು:
ಒಂದೇ ಫೈಲು, ಹೆಸರು ಮಾತ್ರ ಬದಲು.
ಮಾಮನದ್ದನ್ನೂ ಅದರಲ್ಲೇ ಮಾಡಿದೆ, ಒಂದು ಜುಲೈಯಲ್ಲಿ.
ಅಕ್ಷರ ಬೇರೆ, ಒತ್ತು ಬೇರೆ ಒತ್ತಬೇಕು;
ಒತ್ತಿ ಒತ್ತಿ ನನ್ನ ಕಿರುಬೆರಳು ಡೊಂಕಾಯಿತು.

ಆಮೇಲೆ ಬರತೊಡಗಿತು, ಹೊಸದು, ಇನ್ನೂ ಹೊಸದು.
ಅದೇ ಕಾರ್ಡು, ಅದೇ ಗಣಪತಿ, ಅದೇ ನಾಲ್ಕು ಸಾಲು,
ತೆರೆಯಲು ಈಗ ನೂರಿಪ್ಪತ್ತೆಂಟು ಬೇಕು.
ಐನೂರ ಹನ್ನೆರಡು ಬೇಕು.
ಇರ್ಫಾನ್ ಚೌಗುಲೆ ಬಂದು ಡಬ್ಬದ ಬೆನ್ನು ಬಿಚ್ಚಿ
ಬೆರಳುದ್ದದ ಹಸಿರು ಪಟ್ಟಿ ಸಿಕ್ಕಿಸಿ ಹೋದ, ಎರಡು ಸಲ.
ಮೂರನೇ ಸಲ ಟಾರ್ಚು ಹಿಡಿದು ನೋಡಿ
"ಜಾಗಾ ಸಂಪ್ಲೀ, ತಾಈ" ಅಂದ.
ಜಾಗ ಮುಗಿಯಿತಂತೆ.
ಮುಂಬಯಿಯಲ್ಲಿ ಇದು ಯಾರಿಗೆ ಹೊಸ ಮಾತು?

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ
ನನಗೆ ಕಲಿಸಿದರು, ಈ ಸಾಫ್ಟ್‌ವೇರಿಗೆ ಯಾರೂ ಕಲಿಸಲಿಲ್ಲ.
ಅದು ಮೊದಲು ಕಾಲು ಚಾಚುತ್ತದೆ,
ಆಮೇಲೆ ಹಾಸಿಗೆಯ ಬಿಲ್ಲು ನನ್ನ ಕೈಗೆ.

ಹೊಸ ಮೆಷಿನ್ನೂ ಬಂತು. ತೆಳ್ಳಗೆ, ಸದ್ದಿಲ್ಲ.
ಹಳೆಯ ಫೈಲನ್ನು ಅದಕ್ಕೆ ಉಣಿಸಿದೆ.
ಕೋಟ್ಯಾನರ ಮಗಳು ಡಾಲರ್ ಗುರುತಾದಳು,
ವರ ಎರಡು ಪ್ರಶ್ನಾರ್ಥಕ,
ಲಗ್ನದ ನೆತ್ತಿಗೊಂದು ಕೊಂಬು,
ಸುಖಾಗಮನ ಬಯಸುವವರ ಜಾಗದಲ್ಲಿ
ಚೌಕ, ಚೌಕ, ಚೌಕ.
ಕನ್ನಡ ಬಾರದ್ದೇನಲ್ಲ ಅದಕ್ಕೆ. ಇಂದಿನ ಕನ್ನಡ ಬರುತ್ತದೆ,
ನನ್ನ ಇಪ್ಪತ್ತು ವರ್ಷ ಬರುವುದಿಲ್ಲ.

ಗಲ್ಲಿಯಲ್ಲಿ ಭಂಗಾರ್‌ವಾಲಾನ ಕೂಗು.
ಊರಿಂದ ಬಂದ ಹೊಸತರಲ್ಲಿ
ಬಂಗಾರ ಕೊಳ್ಳುವವನು ಅಂದುಕೊಂಡಿದ್ದೆ.
ಇಣುಕಿದ, ಡಬ್ಬವನ್ನು ಕಾಲಿನಿಂದ ಮುಟ್ಟಿದ, ನೂರೈವತ್ತು ಅಂದ.
ಮಾನಿಟರಿಗೆ ಏನೂ ಇಲ್ಲ, ಹೊತ್ತೊಯ್ಯುವುದೇ ಉಪಕಾರವಂತೆ.
ಆ ಕಾಲು ಕಂಡೇ ನಾನು ಬೇಡ ಅಂದದ್ದು.

ಹಳೆಯದು ನಿಧಾನವಾಯಿತು ಅನ್ನುತ್ತಾರೆ.
ಮೇಲಿಂದ ಹೇರಿದ್ದನ್ನೆಲ್ಲ ಅಳಿಸಿ,
ಅದರ ಮೊದಲಿನದನ್ನೇ ಮತ್ತೆ ಹಾಕಿ,
ಗೋಡೆ ಗಡಿಯಾರ ಇಳಿಸಿಟ್ಟುಕೊಂಡು ನೋಡಿದ್ದೇನೆ:
ಮೊದಲ ದಿನ ಕಾರ್ಡು ತೆರೆಯಲು ಒಂಬತ್ತು ಸೆಕೆಂಡು,
ಮೊನ್ನೆಯೂ ಒಂಬತ್ತೇ.

ನಿನ್ನೆ ರಾತ್ರಿ ಮತ್ತೆ ಡಾಂಬರಿನ ಲಾರಿ ಬಂತು.
ಹಳೆಯದನ್ನು ಕೆದಕುವುದಿಲ್ಲ, ಅದರ ಮೇಲೇ ಹೊಸದು,
ಎಷ್ಟೋ ವರ್ಷದಿಂದ ಹೀಗೇ.
ಬೆಳಿಗ್ಗೆ ಶಟರ್ ಎತ್ತಿದರೆ
ಉಳಿದಿದ್ದ ಒಂದು ಮೆಟ್ಟಿಲೂ ಇಲ್ಲ.
ಹತ್ತಿ ಬರುತ್ತಿದ್ದವಳು ಇವತ್ತು ಇಳಿದೆ.
ಅಂಗಡಿ ಒಂದು ಅಂಗುಲವೂ ಕುಸಿದಿಲ್ಲ.

ಜೂನ್ ಹತ್ತಿರ ಬಂತು.
ಡಬ್ಬದ ಕೆಳಗೆ ಇಟ್ಟಿಗೆ ಇಡುತ್ತಿದ್ದಾಗ ಫೋನು, ಬಂಗೇರರದ್ದು:
ಅಮ್ಮನ ಹದಿಮೂರನೇ ದಿನದ ಕಾರ್ಡು, ಎರಡು ಸಾವಿರದ ಮೂರರದ್ದು,
ಇದೆಯಾ? ಅಪ್ಪನಿಗೂ ಅದೇ ಥರ ಬೇಕಿತ್ತು.
ಇದೆ, ಅಂದೆ.
ಒಂಬತ್ತು ಸೆಕೆಂಡು ತಡೆಯಿರಿ.